ಮಾತಿಗಿಂತ ಮೊದಲು ತೆಗೆಯುವ ಚಿತ್ರ

ನನ್ನಂಥ ವೃದ್ಧನನ್ನೂ ಸುಖವಾಗಿ ಕಡಲು ದಾಟಿಸಿದ ಭಗವಂತನಿಗೆ ಮೊದಲು ನಮಸ್ಕಾರ.

ಅಳಿಯ ಸುಧಾಕರ ಕೊಲ್ಲಿ ದೇಶದ ಮನಾಮ ನಗರದ ಹೋಟೆಲೊಂದರಲ್ಲಿ ಸಭೆಗಳ ಊಟೋಪಚಾರ ನೋಡಿಕೊಳ್ಳುತ್ತಾನೆ. ಇಂದು ಅಲ್ಲಿ ಆಫ್ರಿಕದ ಆರೋಗ್ಯಕ್ಕೆ ನೆರವು ನೀಡುವ ದೇಶಗಳ ಸಭೆ. ನನ್ನನ್ನು ಹಿಂದಿನ ಸಾಲಿನಲ್ಲಿ ಕೂರಿಸಿದ. ಆರಂಭದಲ್ಲೇ ನೆರವಿನ ಒಪ್ಪಂದದ ಪತ್ರ ಹಿಡಿದು ಚಿತ್ರ ತೆಗೆಸಿಕೊಳ್ಳಲು ಎಲ್ಲರನ್ನೂ ವೇದಿಕೆಗೆ ಕರೆದರು. ನೆರವು ಪಡೆಯುವವರ ಪರವಾಗಿ ಬಂದಿದ್ದ ಜಾಂಬಿಯಾದ ವೈದ್ಯೆಯೊಬ್ಬರು ಮಾತ್ರ ಏಳಲಿಲ್ಲ.

“ಇನ್ನೂ ಚರ್ಚೆಯೇ ಆಗಿಲ್ಲವಲ್ಲ?” ಎಂದೆ.

“ಇಲ್ಲಿ ಹಾಗೆಯೇ ಮಾವ. ಫೋಟೋ ಮೊದಲು. ಮಾತು ಊಟ ಆದ ಮೇಲೆ ಉಂಟು, ಆಗ ಕೇಳ್ಲಿಕ್ಕೆ ಯಾರಿರ್ತಾರೆ?” ಎಂದು ಅಳಿಯ ನಕ್ಕ.

ಧಾರೆ ಎರೆದ ಮೇಲೆ ಕನ್ಯೆಯ ಒಪ್ಪಿಗೆ ಕೇಳುವ ಈ ರೀತಿಗೆ ನನ್ನ ಮೈ ಉರಿಯಿತು. ಸಾಯುವ ಮಕ್ಕಳು ಆಫ್ರಿಕದವರು, ಚಿತ್ರದಲ್ಲಿ ನಗುವ ಮುಖಗಳು ಈ ದಾನಿಗಳವು!

ವೈದ್ಯೆ ಕುಳಿತಲ್ಲಿಂದಲೇ ಹೇಳಿದರು: “ನೀವು ಕೊಡುತ್ತಿರುವುದು ಆಂಬುಲೆನ್ಸ್. ನಾವು ಕೇಳಿದ್ದು ಲಸಿಕೆ ಕೆಡದಂತೆ ಇಡುವ ಫ್ರಿಜ್. ಅದನ್ನು ಒಪ್ಪಂದದಲ್ಲಿ ಬರೆಯುವವರೆಗೆ ಆ ಚಿತ್ರದಲ್ಲಿ ನಾನಿರುವುದಿಲ್ಲ.”

ಸಭೆಯ ಅಧ್ಯಕ್ಷರು ವೇದಿಕೆಯಿಂದ ಇಳಿದು, ಆಕೆಯ ಪಕ್ಕದ ಕುರ್ಚಿ ಎಳೆದುಕೊಂಡು, ಒಪ್ಪಂದದ ಪತ್ರ ಮುಂದಿಟ್ಟು ಪೆನ್ನು ತೆರೆದರು.

ಊಟ ತಡವಾಯಿತು. ಹೇಳಿದವರಿಗೂ, ತಡವಾಗಿಯಾದರೂ ಕೇಳಿದವರಿಗೂ, ಹಸಿದು ಕಾದವರಿಗೂ ಶುಭವಾಗಲಿ.