ಡಿಫರೆನ್ಷಿಯಲ್ ಮೇಲೆ ಯಾರ ಕೈ ಆಡಿತು

ಗೋರಖನಾಥ ಯಾವ ಗಾಡಿಯನ್ನೂ ನಂಬಿದವನಲ್ಲ. ಗಾಡಿ ತಂದವನ ಮಾತನ್ನಂತೂ ನಂಬುತ್ತಲೇ ಇರಲಿಲ್ಲ. ಬ್ರೇಕು ಹಿಡಿಯುವುದಿಲ್ಲ ಎಂದು ಬಂದವನ ಟೈರು ಮುಟ್ಟಿ ನೋಡುತ್ತಿದ್ದ. ಎಂಜಿನ್ನಿನಲ್ಲಿ ಸದ್ದು ಎಂದವನ ಸೀಟಿನ ಕೆಳಗೆ ಕೈ ಹಾಕಿ, ಉರುಳಾಡುವ ನೀರಿನ ಬಾಟಲಿ ಹೊರಗೆ ತೆಗೆಯುತ್ತಿದ್ದ.

ಔರಾದ ತಾಲೂಕಿನ ಡಾಬಕಾ ಅವನ ಊರು. ಎಪ್ಪತ್ತೆರಡರ ಬರದಲ್ಲಿ, ಹತ್ತು ವರ್ಷದ ಹುಡುಗ, ತಂದೆಯ ತಲೆಯ ಮೇಲಿನ ಗಂಟನ್ನೇ ನೋಡುತ್ತ ನಡೆದು ಪುಣೆ ಸೇರಿದ. ಅಲ್ಲಿ ಲಾರಿ ಗ್ಯಾರೇಜೊಂದರಲ್ಲಿ ಗ್ರೀಸು ಹತ್ತಿದ ನಟ್ಟು ತೊಳೆಯುತ್ತ ಕಸುಬು ಕಲಿತ. ಬಿಡಿಭಾಗದ ಡಬ್ಬಿಗಳ ಮೇಲಿನ ಅಕ್ಷರ ಕೂಡಿಸಿ ಓದಿ ಇಂಗ್ಲಿಷೂ ಅಷ್ಟಿಷ್ಟು ಕಲಿತ. ಬೀದರಿಗೆ ಮರಳಿ ಕೊಳಾರದ ಕಾರ್ಖಾನೆಗಳ ನಡುವೆ ತಗಡಿನ ಶೆಡ್ಡು ಹಾಕಿ ಮೂವತ್ತು ವರ್ಷ ಆಗಿತ್ತು. ಹಿಂದಿನ ಅಚ್ಚಿನ ಕೆಲಸವೆಂದರೆ ಗೋರಖನಾಥನೇ ಎಂದು ಲಾರಿಯವರು ಮಾತಾಡಿಕೊಳ್ಳುತ್ತಿದ್ದರು. ಕಂಪ್ಯೂಟರಿನ ಗಾಡಿಗಳು ಬಂದ ಮೇಲೆ ಅಂಗೈಯಗಲದ ಒಂದು ಸ್ಕ್ಯಾನರ್ ತರಿಸಿ, ಆರು ತಿಂಗಳು ಅದರ ಮುಂದೆ ಕುಳಿತು ಅದನ್ನೂ ಪಳಗಿಸಿಕೊಂಡಿದ್ದ.

ಎರಡು ಸಾವಿರದ ಹದಿನಾರರ ಬೇಸಿಗೆ. ಕೊಳಾರದ ಅರ್ಧ ಕೂಲಿಗಳು ಹೆಂಡತಿ ಮಕ್ಕಳೊಂದಿಗೆ ಹೈದರಾಬಾದಿನ ಕಟ್ಟಡಗಳ ಕೆಲಸಕ್ಕೆ ಹೋಗಿದ್ದರು. ಟ್ಯಾಂಕರ್ ಎಂಟು ದಿನಕ್ಕೊಮ್ಮೆ ಬಂದರೆ ಬಂತು. ಗಾಡಿ ತೊಳೆಯುವ ಅಂಗಡಿಗಳಿಗೆ ನಾಲ್ಕು ತಿಂಗಳಿಂದ ಬೀಗ. ಜನ ಒಣ ಬಟ್ಟೆಯಿಂದ ಮೇಲಷ್ಟೇ ಒರೆಸಿ ಓಡಾಡುತ್ತಿದ್ದರು.

ಅಂಥ ದಿನ ಬೆಳಿಗ್ಗೆ ಭಾಲ್ಕಿಯ ಶಿವರಾಜಪ್ಪನ ಕೆಂಪು ಸ್ಪೋರ್ಟ್ಸ್ ಕಾರು ಶೆಡ್ಡಿನ ಮುಂದೆ ನಿಂತಿತು.

ಶಿವರಾಜಪ್ಪನದು ಬೇಳೆ ಮಿಲ್ಲು. ಹಣೆಯಲ್ಲಿ ವಿಭೂತಿ, ಮೈಮೇಲೆ ಗರಿ ಮುರಿಯದ ಬಿಳಿ ಅಂಗಿ. ಸೋಮವಾರದ ಗೋಷ್ಠಿಯಲ್ಲಿ ಶರಣರ ಮಾತು ಹೇಳುವವನು. ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ ಗಾಡಿ ಕಂಡರೆ ನಿಲ್ಲಿಸಿ, ಕಣ್ಣು ತಾಗುವುದು ಸುಳ್ಳೆಂದು ಬುದ್ಧಿ ಹೇಳಿ ಕಳಿಸುವವನು. ಎರಡೇ ಸೀಟಿನ ಆ ಕಾರನ್ನು ಹೈದರಾಬಾದಿನಲ್ಲಿ ಹಳೆಯದನ್ನೇ ಕೊಂಡಿದ್ದ. ಓಡಿಸಲು ಧೈರ್ಯ ಸಾಲದೆ ಪಕ್ಕದಲ್ಲಿ ಕುಳಿತು ತಿರುಗುತ್ತಿದ್ದ. ಓಡಿಸುವವನು ಬಾಬುಮಿಯಾ, ಮಿಲ್ಲಿನಲ್ಲಿ ಇಪ್ಪತ್ತು ವರ್ಷದ ಡ್ರೈವರ್.

“ತಿರುವಿನ್ಯಾಗ ಹಿಂದಿನ ಒಂದು ಗಾಲಿ ಬರೀ ತಿರಗತದ, ಹಳದಿ ಲೈಟ್ ಹತ್ತತದ,” ಎಂದ ಶಿವರಾಜಪ್ಪ. “ಬಂದ್ ಮಾಡಿ ಚಾಲೂ ಮಾಡಿದ್ರ ಸುಮ್ಮಾಗತದ.” ಆಮೇಲೆ ಗೋರಖನಾಥನನ್ನು ಬದಿಗೆ ಕರೆದು ದನಿ ತಗ್ಗಿಸಿದ. “ಮಿಸ್ತ್ರಿ, ಎಳ್ಳಮಾಸಿ ಹಬ್ಬ ಆದ ಮ್ಯಾಲ ಇಂವ ಮಗನ್ನ ನೋಡಿ ಬರ್ತೇನಿ ಅಂತ ಹೈದರಾಬಾದಿಗೆ ಗಾಡಿ ಒಯ್ದಿದ್ದ. ಮೂರು ದಿನ ಅಲ್ಲೇ ಇತ್ತು. ಬಂದಾಗಿಂದ ಹಿಂಗ. ಅಸಲಿ ಮಾಲು ತಗದು ಬ್ಯಾರೇದು ಕೂಡಿಸ್ಯಾರೇನು, ನೋಡಿ ಹೇಳ್ರಿ.”

ಭಾಲ್ಕಿಯಲ್ಲಿ ಮಿಸ್ತ್ರಿಗಳಿಗೆ ಬರವೇ? ಇಷ್ಟು ದೂರ ಬಂದದ್ದು ರಿಪೇರಿಗಲ್ಲ, ಸಾಕ್ಷಿಗೆ ಎಂದು ಗೋರಖನಾಥನಿಗೆ ಅನಿಸಿತು. ಬಾಬುಮಿಯಾ ದೂರದಲ್ಲಿ ಬಟ್ಟೆಯ ಚೀಲ ಹಿಡಿದು ನಿಂತಿದ್ದ. ಅವನ ಮಗ ಸೊಸೆ ಆಗಲೇ ಹೈದರಾಬಾದಿನಲ್ಲಿ ಇಟ್ಟಿಗೆ ಹೊರುತ್ತಿದ್ದರು. ಕೆಲಸದ ಜೊತೆ ಹೆಸರೂ ಹೋದರೆ ಭಾಲ್ಕಿಯಲ್ಲಿ ಮತ್ತಾರೂ ಸ್ಟೇರಿಂಗ್ ಕೊಡುವುದಿಲ್ಲ; ಅರವತ್ತು ಮುಟ್ಟುತ್ತಿದ್ದ ಅವನೂ ಹೆಂಡತಿ ಅನ್ವರಿ ಬೇಗಮಳನ್ನು ಕಟ್ಟಿಕೊಂಡು ಅದೇ ದಾರಿ ಹಿಡಿಯಬೇಕು.

ಗೋರಖನಾಥ ಕೆಲಸಕ್ಕಿಳಿದ. ಹಿಂದಿನ ಎರಡೂ ಟೈರುಗಳಿಗೆ ದಾರ ಸುತ್ತಿ ಅಳೆದ, ಒಂದೇ ಅಳತೆ. ಬ್ಯಾಟರಿ ಸರಿಯಿತ್ತು. ಸ್ಕ್ಯಾನರ್ ಹಚ್ಚಿದರೆ, ಡಿಫರೆನ್ಷಿಯಲ್ಲಿನ ಮೋಟಾರಿಗೆ ಹೋಗುವ ಕರೆಂಟು ಬಿಟ್ಟುಬಿಟ್ಟು ಬರುತ್ತಿದೆ ಎಂದಿತು.

“ಅಂದ್ರೇನು?” ಎಂದ ಶಿವರಾಜಪ್ಪ.

“ತಿರುವಿನ್ಯಾಗ ಹೊರಗಿನ ಗಾಲಿ ಹೆಚ್ಚು ಓಡಬೇಕು, ಒಳಗಿಂದು ಕಡಿಮಿ. ಅದನ್ನ ಹೊಂದಸೂದು ಡಿಫರೆನ್ಷಿಯಲ್. ಸಾದಾ ಗಾಡಿಯಾಗ ಒಂದು ಗಾಲಿ ಜಾರಿತಂದ್ರ ಜೋರೆಲ್ಲಾ ಆ ಜಾರೋ ಗಾಲಿಗೇ ಹೋಗತದ. ಇದರಾಗ ಕಂಪ್ಯೂಟರ್ ನೋಡಿ ಮೋಟಾರಿಗೆ ಹುಕುಂ ಕೊಡತದ, ಮೋಟಾರು ಒಳಗಿನ ಕ್ಲಚ್ ಬಿಲ್ಲಿ ಒತ್ತತದ, ಎರಡೂ ಗಾಲಿ ಕೂಡಿ ತಿರಗತಾವ. ನಿಮ್ಮದರಾಗ ಹುಕುಂ ನಡುದಾರಿಯಾಗೇ ನಿಂತದ.”

ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ, ಕೆಳಗಿಳಿದು ಒಂದು ಹನಿ ಎಣ್ಣೆ ತೆಗೆದು ಮೂಸಿದ. ಸುಟ್ಟ ವಾಸನೆ ಇರಲಿಲ್ಲ, ಕ್ಲಚ್ಚಿನ ಬಿಲ್ಲೆಗಳು ಚೆನ್ನಾಗಿದ್ದವು. ಆದರೆ ಬ್ಯಾಟರಿ ದೀಪ ಹಿಡಿದಾಗ ಅವನ ಕಣ್ಣು ಕಿರಿದಾಯಿತು. ಡಿಫರೆನ್ಷಿಯಲ್ ಮೇಲೆ ಧೂಳು, ಎಣ್ಣೆ ಕೂಡಿ ಬೆರಳು ದಪ್ಪ ಹೊದಿಕೆಯಾಗಿತ್ತು. ಮೇಲ್ಬದಿಯ ಪಟ್ಟಿಯ ಮೇಲೆ ಮಾತ್ರ ಹೊದಿಕೆ ಕೆದರಿ, ಇಕ್ಕಳದ ಹಲ್ಲು ಊರಿದ ಗೀರುಗಳು.

“ಇಲ್ಲಿ ಯಾರದೋ ಕೈ ಆಡ್ಯಾದ,” ಎಂದು ಬಾಯಿ ಜಾರಿಯೇ ಹೋಯಿತು. ಅಷ್ಟಕ್ಕೇ ನಿಂತಿದ್ದರೂ ನಡೆಯುತ್ತಿತ್ತು. ಅವನು ಗುಂಡಿಯಿಂದ ತಲೆ ಎತ್ತಿ ಬಾಬುಮಿಯಾನ ಮುಖ ನೋಡಿದ.

ಶಿವರಾಜಪ್ಪ ಕೈ ಚಾಚಿದ. “ಚಾವಿ ತಾ. ನಾಳಿಂದ ಮಿಲ್ಲಿಗೆ ಬರಬ್ಯಾಡ.”

ಬಾಬುಮಿಯಾ ಚಾವಿ ಕೊಟ್ಟ. ಗುಂಡಿಯ ಅಂಚಿಗೆ ಬಂದು ಕುಕ್ಕರಗಾಲಿನಲ್ಲಿ ಕುಳಿತ. “ಉಸ್ತಾದ, ಮಾಲು ಬದಲಿ ಆಗಿದ್ರ ನಂಬರೂ ಬದಲಿ ಆಗಿರತದಲಾ? ಗಾಡಿ ಜೋಡಿ ಬಂದ ಕಂಪನಿ ಕಾಗದದಾಗ ಅದರ ನಂಬರ್ ಅದ. ಎರಡೂ ಹೊಂದಸಿ ನೋಡ್ರಿ.”

ನಲವತ್ತು ವರ್ಷ ಕಸುಬು ಮಾಡಿದವನಿಗೆ ಡ್ರೈವರೊಬ್ಬ ಕೆಲಸ ಹೇಳಬೇಕಾಯಿತು. ಗೋರಖನಾಥನ ಕಿವಿ ಬಿಸಿಯಾಯಿತು. ನಂಬರು ಹೊದಿಕೆಯ ಕೆಳಗಿತ್ತು. ತೊಳೆಯಲು ನೀರಿಲ್ಲ; ಮನೆಯಲ್ಲಿ ಹೆಂಡತಿ ಗಿರಿಜಾಬಾಯಿ ಕಾದಿಟ್ಟ ಎರಡು ಕೊಡ ಕುಡಿಯುವುದಕ್ಕೇ ಸಾಲದು. ಬಟ್ಟಲಲ್ಲಿ ಸೀಮೆಎಣ್ಣೆ, ಕೈಯಲ್ಲಿ ಬ್ರಷ್ಷು ಹಿಡಿದು ಉಜ್ಜತೊಡಗಿದ. ಹೊದಿಕೆ ಹೆಂಟೆ ಹೆಂಟೆಯಾಗಿ ಎದೆಯ ಮೇಲೆ ಬಿತ್ತು. ಅಂಕಿಗಳು ಒಂದೊಂದಾಗಿ ಎದ್ದವು.

“ಓದ್ರಿ ಸಾವಕಾರ್ರ, ನಾ ಇಲ್ಲಿ ನೋಡ್ತೇನಿ.”

ಶಿವರಾಜಪ್ಪ ಕಾಗದ ಓದಿದ. ಹನ್ನೊಂದು ಅಂಕಿಯೂ ತಾಳೆಯಾದವು.

“ಅಸಲಿ ಮಾಲೇ ಅದ,” ಎಂದ ಗೋರಖನಾಥ.

“ಹಂಗಾದ್ರ ಒಳಗಿಂದು ಏನರ ತಗದಿರಬೇಕು,” ಎಂದ ಶಿವರಾಜಪ್ಪ. ಆದರೂ ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ. “ಸಾಕು ಬಿಡ್ರಿ ಮಿಸ್ತ್ರಿ. ಮ್ಯಾಲಿನ ಕಡಿ ಯಾಕ ಉಜ್ಜತೀರಿ?”

ಬೇಡವೆಂದ ಜಾಗವನ್ನು ನೋಡದೆ ಬಿಡುವ ಮನುಷ್ಯನಲ್ಲ ಗೋರಖನಾಥ. ಬ್ರಷ್ಷು ಗೀರುಗಳ ಮೇಲಕ್ಕೆ ಹತ್ತಿತು. ಪಟ್ಟಿಯ ಹಿಂದೆ, ಮಣ್ಣಿನ ಗಡ್ಡೆಯೊಳಗೆ, ಬಾಗಿದ ಕಬ್ಬಿಣವೊಂದು ಕಂಡಿತು. ಕುದುರೆಯ ನಾಲು, ಕಣ್ಣು ತಾಗದಿರಲೆಂದು ಜನ ಬಾಗಿಲಿಗೆ ಬಡಿಯುವ ಲಾಳ. ಗೋಣಿಯ ತುಂಡಿನಲ್ಲಿ ಸುತ್ತಿ, ತಂತಿಯಿಂದ ಬಿಗಿದು ಕಟ್ಟಿತ್ತು. ಉಳಿದ ತಂತಿಯ ತುದಿ ಮೋಟಾರಿನ ವೈರಿಗೆ ತಾಗಿ, ಗಾಡಿ ಕುಲುಕಿದಾಗಲೆಲ್ಲ ತಿಕ್ಕಿ ತಿಕ್ಕಿ, ಮೇಲಿನ ರಬ್ಬರು ಸವೆಸಿ ಒಳಗಿನ ತಾಮ್ರದ ಎಳೆಗಳನ್ನು ಅರ್ಧಕ್ಕರ್ಧ ಹರಿದಿತ್ತು.

ಗೋರಖನಾಥ ಸ್ಕ್ಯಾನರಿನಿಂದ ಮೋಟಾರಿಗೆ ಹುಕುಂ ಕೊಟ್ಟ. ಮೋಟಾರು ಗುರ್ ಎಂದಿತು. ಬೆರಳಿನಿಂದ ಆ ವೈರು ಅಲುಗಿಸಿದ. ಮೋಟಾರು ನಿಂತಿತು, ಹಳದಿ ದೀಪ ಹತ್ತಿತು. ಮೂರು ಸಲ ಅಲುಗಿಸಿದ, ಮೂರು ಸಲವೂ ಹಾಗೆಯೇ.

ತಂತಿ ಕತ್ತರಿಸಿ, ನಾಲನ್ನು ಹಿಡಿದು ಮೇಲೆ ಬಂದ. ಗೋಣಿಯ ತುಂಡಿನ ಮೇಲೆ ಬೇಳೆ ಮಿಲ್ಲಿನ ನೀಲಿ ಮುದ್ರೆ ಇತ್ತು, ಮಡಿಕೆಯೊಳಗೆ ಒಂದು ಚಿಟಿಕೆ ವಿಭೂತಿ.

“ಇದನ್ನ ಯಾರು ಕಟ್ಟಿದ್ರು?”

ಶಿವರಾಜಪ್ಪ ನೆಲ ನೋಡುತ್ತ ಹೇಳಿದ: “ನಾನೇ. ಎಳ್ಳಮಾಸಿ ದಿನ, ನಸುಕಿನ್ಯಾಗ. ಮಿಲ್ಲಿನ್ಯಾಗ ಲಾರಿ ರಿಪೇರಿ ಗುಂಡಿ ಮ್ಯಾಲ ಗಾಡಿ ನಿಂತಿತ್ತು. ಊರು ಗುಳೆ ಹೊಂಟದ, ಇಂಥಾ ವರ್ಷ ಕೆಂಪು ಗಾಡಿ ಓಣ್ಯಾಗ ಹೋದ್ರ ಮಂದಿ ನೋಡೂ ನೋಟ ನಿಮಗೇನು ಗೊತ್ತು? ಮುಂದ ಕಟ್ಟಿದ್ರ ಗೋಷ್ಠಿಯವ್ರು ನಗತಿದ್ರು.”

“ಅದಕ್ಕ ಯಾರಿಗೂ ಕಾಣದಂಗ ಕಟ್ಟಿದ್ರಿ,” ಎಂದ ಗೋರಖನಾಥ.

“ಅದರಿಂದ ಕೆಟ್ಟದ ಅಂತ ನನಗ ಹ್ಯಾಂಗ ತಿಳೀಬೇಕು?”

ಗೋರಖನಾಥ ಹರಿದ ವೈರು ಬೆಸೆದು, ಪೈಪು ತೊಡಿಸಿ, ಕಬ್ಬಿಣದಿಂದ ದೂರ ಸರಿಸಿ ಕಟ್ಟಿದ. ಕೊಳಾರದ ಹಿಂದಿನ ಜಲ್ಲಿ ಬಯಲಿನಲ್ಲಿ ತಾನೇ ಕಾರನ್ನು ಸುತ್ತು ಹೊಡೆಸಿ ಬಂದ. ಎರಡೂ ಗಾಲಿಗಳು ಕೂಡಿ ತಿರುಗಿದವು, ದೀಪ ಹತ್ತಲಿಲ್ಲ.

“ನಡಿ ಬಾಬು, ಹೊತ್ತಾತು,” ಎಂದು ಶಿವರಾಜಪ್ಪ ಚಾವಿ ಚಾಚಿದ.

ಬಾಬುಮಿಯಾ ತಕ್ಷಣ ತೆಗೆದುಕೊಳ್ಳಲಿಲ್ಲ. ಬಟ್ಟೆಯ ಚೀಲವನ್ನು ಕೆಲಸದ ಮೇಜಿನ ಮೇಲೆ ಬೋರಲು ಹಾಕಿದ. ರೊಟ್ಟಿಯ ಡಬ್ಬಿ, ನಮಾಜಿನ ಟೊಪ್ಪಿಗೆ, ದಾರ ಸುತ್ತಿದ ಕನ್ನಡಕ, ಮೊಮ್ಮಗಳಿಗೆ ಕೊಂಡ ಒಂದು ಡಜನ್ ಬಳೆ.

“ಮೊದಲ ಇದು ನೋಡಿಕೊಳ್ರಿ ಸಾವಕಾರ್ರ. ಭಾಲ್ಕಿ ಮುಟ್ಟಿದ ಮ್ಯಾಲ ಮತ್ತೇನೋ ಇಲ್ಲ ಅನಬ್ಯಾಡ್ರಿ.” ಆಮೇಲೆ ಗೋರಖನಾಥನ ಕಡೆ ತಿರುಗಿದ. “ಉಸ್ತಾದ, ನೀವೂ ನೋಡ್ರಿ. ನಿಮ್ಮ ಕಣ್ಣು ಭಾಳ ಚುರುಕು.”

ಗೋರಖನಾಥ ಕೈಗೆ ಹತ್ತಿದ್ದ ಎಣ್ಣೆಯನ್ನು ಎರಡು ಸಲ ಒರೆಸಿದ. ಕನ್ನಡಕ ಎತ್ತಿ ಟೊಪ್ಪಿಗೆಯ ಮೇಲಿಟ್ಟು, ಬಳೆಗಳನ್ನು ಒಡೆಯದಂತೆ ಅದರ ಪಕ್ಕ ಸೇರಿಸಿ, ಚೀಲ ತುಂಬಿ ಅವನ ಕೈಗೆ ಕೊಟ್ಟ.

“ನಂಬರ್ ನೋಡೂಕಿಂತ ಮೊದಲ ನಿನ್ನ ಮಾರಿ ನೋಡಿದೆ, ಭಾಯಿ. ತಪ್ಪಾತು.”

ಬಾಬುಮಿಯಾ ತಲೆ ಆಡಿಸಿದ. ಹೌದೆಂದೋ, ಇರಲಿ ಬಿಡು ಎಂದೋ ಗೋರಖನಾಥನಿಗೆ ಗೊತ್ತಾಗಲಿಲ್ಲ. ಬಾಬುಮಿಯಾ ಮಾಲೀಕನತ್ತ ನೋಡಿ ಕಾದ.

“ಮಿಲ್ಲಿಗೆ ಬಾ, ಎಂದಿನಂಗ,” ಎಂದ ಶಿವರಾಜಪ್ಪ. ಬಾಬುಮಿಯಾ ಚಾವಿ ತೆಗೆದುಕೊಂಡ. ಮೇಜಿನ ಮೇಲೆ ನಾಲು ಉಳಿದಿತ್ತು.

“ಅದನ್ನೂ ತಗೋರಿ. ಈ ಸಲ ಮುಂದ ಕಟ್ರಿ, ನಾಕು ಮಂದಿಗೆ ಕಾಣಲಿ. ವೈರಾದ್ರೂ ಉಳೀತದ,” ಎಂದ ಗೋರಖನಾಥ.

ಶಿವರಾಜಪ್ಪ ಅತ್ತಿತ್ತ ನೋಡಿ, ನಾಲನ್ನೆತ್ತಿ ಅಂಗಿಯ ಜೇಬಿಗೆ ಇಳಿಬಿಟ್ಟ. ಗರಿ ಮುರಿಯದ ಬಿಳಿ ಜೇಬು ಅದರ ಭಾರಕ್ಕೆ ಜೋತುಬಿತ್ತು. ಬಟ್ಟೆಯ ಮೇಲೆ ಎಣ್ಣೆಯ ಕಪ್ಪು ನಿಧಾನವಾಗಿ ಮೂಡಿ ನಾಲಿನ ಆಕಾರವೇ ಆಯಿತು. ಅದನ್ನು ಕೈಯಿಂದ ಮುಚ್ಚಿಕೊಂಡೇ ಅವನು ಕಾರಿನಲ್ಲಿ ಕುಳಿತ.