ಕೊನೆಯ ಬಾಗಿಲಿನ ಜೆರಾಕ್ಸ್ ಅಕ್ಕ

ಬೆಳಿಗ್ಗೆ ಆರು ಗಂಟೆ. ಅಂಗಡಿಯ ಷಟರ್ ಇನ್ನೂ ಅರ್ಧಕ್ಕೇ ನಿಂತಿದೆ. ಹಿಂದಿನ ಕೋಣೆಯಲ್ಲಿ ಜೆರಾಕ್ಸ್ ಅಕ್ಕ ಮಂಡಿಯೂರಿ ಕೂತು, ಬಣ್ಣ ಬಳಿಯುವ ಬ್ರಷ್ಷಿನಿಂದ ಕಂಪ್ಯೂಟರಿನ ಫ್ಯಾನಿಗೆ ಹಿಡಿದ ಧೂಳು ತೆಗೆಯುತ್ತಿದ್ದಾರೆ. ಉದುರಿದ ಧೂಳನ್ನು ಕಾಗದದಲ್ಲಿ ಮಡಚಿ ಬುಟ್ಟಿಗೆ ಹಾಕುತ್ತಾರೆ. ಇವತ್ತು ಸಂಜೆ ಈ ಯಂತ್ರ ನಿಲ್ಲಬೇಕು. ಆದರೂ ಒರೆಸುವುದನ್ನು ಬಿಟ್ಟಿಲ್ಲ.

ಬೀದಿಗೆ ಗೊತ್ತಿರುವುದು ಮುಂದಿನ ಜೆರಾಕ್ಸ್ ಯಂತ್ರ ಮಾತ್ರ. ಹಿಂದಿನ ಕೋಣೆಯ ಈ ಕಂಪ್ಯೂಟರ್, ಗುರುತು ಬಿಟ್ಟುಕೊಡದೆ ಇಂಟರ್ನೆಟ್ ಬಳಸಬೇಕಾದವರಿಗಾಗಿ ಸ್ವಯಂಸೇವಕರು ಕಟ್ಟಿದ ಜಾಲದ ಒಂದು ಕೊಂಡಿ. ಒಬ್ಬರು ಕಳಿಸಿದ ಮಾತು ಮೂರು ಯಂತ್ರಗಳನ್ನು ದಾಟಿ ಹೊರಗೆ ಹೋಗುತ್ತದೆ. ಹೊರಗಿನವರಿಗೆ ಕಾಣುವುದು ಕೊನೆಯ ಯಂತ್ರದ ವಿಳಾಸವೊಂದೇ. ಆ ಕೊನೆಯ ಬಾಗಿಲು ಅಕ್ಕನದು. ದಿನಕ್ಕೆ ಎಂಟು ಸಾವಿರದಷ್ಟು ಸಂಪರ್ಕಗಳು ಇಲ್ಲಿಂದ ದಾಟುತ್ತವೆ.

ಆರು ವರ್ಷಗಳ ಹಿಂದೆ ನರ್ಸ್ ಒಬ್ಬಳು ಇದೇ ಅಂಗಡಿಯಲ್ಲಿ ಬಾಡಿಗೆ ಇಂಟರ್ನೆಟ್ಟಿಗೆ ಕೂತು, ಮೇಲಧಿಕಾರಿಯ ಮೇಲೆ ಹೆಸರು ಹಾಕದೆ ದೂರು ಕಳಿಸಿದ್ದಳು. ಅಂಗಡಿಯ ವಿಳಾಸ ಹಿಡಿದುಕೊಂಡು ಆ ಅಧಿಕಾರಿಯ ಕಡೆಯ ಜನ ಬಂದರು. ಅವಳ ಕೆಲಸ ಹೋಯಿತು. "ಬಂದೋರ ಹೆಸರು ಬರೆಸ್ಕೊಳ್ಳೋ ರಿಜಿಸ್ಟರ್ ತೋರಿಸಿದ್ದು ನಾನೇ," ಎನ್ನುತ್ತಾರೆ ಅಕ್ಕ. "ಕೇಳಿದ್ರು, ಕೊಟ್ಟೆ. ಒಂದು ಗಳಿಗೆ ಯೋಚ್ನೆ ಮಾಡ್ಲಿಲ್ಲ."

ಕೊನೆಯ ಬಾಗಿಲನ್ನು ಸ್ವಂತ ಮನೆಯ ಅಥವಾ ಅಂಗಡಿಯ ಇಂಟರ್ನೆಟ್ ಲೈನಿನಲ್ಲಿ ಇಡಬಾರದು, ಯಾರು ತಪ್ಪು ಮಾಡಿದರೂ ಪೊಲೀಸರು ಬರುವುದು ಆ ವಿಳಾಸಕ್ಕೇ ಎಂದು ಈ ಕೆಲಸದವರೆಲ್ಲ ಹೇಳುತ್ತಾರೆ. ನರ್ಸಿನ ಕೆಲಸ ಹೋದ ಮೇಲೆ ಅಕ್ಕ ಇಟ್ಟರು. "ಮಧ್ಯದಲ್ಲಿ ನಿಲ್ಲೋಕೆ ಬೇಕಾದಷ್ಟು ಜನ ಇದಾರೆ. ಬಾಗಿಲಲ್ಲಿ ನಿಲ್ಲೋರು ಯಾರು?"

ಕಳೆದ ತಿಂಗಳು ಯಾರೋ ಈ ಬಾಗಿಲಿನಿಂದಲೇ ಶಾಲೆಯೊಂದಕ್ಕೆ ಬೆದರಿಕೆ ಕಳಿಸಿದರು. ಪೊಲೀಸರು ಯಂತ್ರವನ್ನು ಹೊತ್ತೊಯ್ದರು. ಅದು ಯಾರ ಗುರುತನ್ನೂ ಬರೆದಿಡುವುದಿಲ್ಲ. ಏನೂ ಸಿಗದೆ ಹದಿನೈದು ದಿನಕ್ಕೆ ವಾಪಸ್ ಕೊಟ್ಟರು. ಅಕ್ಕ ಅದೇ ದಿನ ಮತ್ತೆ ಚಾಲೂ ಮಾಡಿದರು. "ಮಕ್ಕಳನ್ನ ಹೆದರಿಸಿದೋನು ಯಾರು, ಗೊತ್ತಿಲ್ಲ. ಇದ್ರಿಂದ ಬಚಾವಾದೋಳು ಒಬ್ಳಾದ್ರೂ ಇದಾಳಾ, ಅದೂ ಗೊತ್ತಿಲ್ಲ."

ಅಂಗಡಿ ಮೈದುನನ ಹೆಸರಿನಲ್ಲಿದೆ. ಏಳಕ್ಕೆ ಅವನು ಬಂದು ಷಟರ್ ಪೂರ್ತಿ ಎತ್ತುತ್ತಾನೆ.

"ಅತ್ತಿಗೆ, ಕಾಣದೋರ ಮಾನ ಕಾಯೋಕೆ ಹೋಗಿ ನಮ್ಮ ಮಾನ ಬೀದಿಗೆ ಹಾಕಿದ್ರಿ. ಸಂಜೆ ಆರಕ್ಕೆ ಆ ವೈರ್ ಕಿತ್ತಿರ್ಬೇಕು."

"ಫ್ಯಾನ್ ಎಷ್ಟು ಚೆನ್ನಾಗಿ ತಿರುಗ್ತಿದೆ ನೋಡಪ್ಪಾ."

"ನನ್ನ ತಲೆನೂ ತಿರುಗ್ತಿದೆ."

ಅಕ್ಕ ನಗುತ್ತಾರೆ. ಅವನು ನಗುವುದಿಲ್ಲ.

ಹನ್ನೊಂದು ದಿನದ ಹಿಂದೆ ಅಕ್ಕ ಸ್ವಯಂಸೇವಕರ ಪುಟದಲ್ಲಿ ಕೇಳಿಕೊಂಡಿದ್ದರು. ನಲವತ್ತು ಜನ ಓದಿದ್ದಾರೆ, ಯಾರೂ ಮುಂದೆ ಬಂದಿಲ್ಲ. ಸಂಜೆ ಐದೂವರೆಗೆ ಅದನ್ನೇ ಮತ್ತೆ ಟೈಪ್ ಮಾಡುತ್ತಾರೆ: "ಯಂತ್ರ ಚೆನ್ನಾಗಿದೆ. ಯಾರಾದರೂ ತೆಗೆದುಕೊಂಡು ಹೋಗಿ ನಡೆಸುತ್ತೀರಾ?"

ಆರು ಗಂಟೆಯಾಗುತ್ತದೆ. ಫ್ಯಾನ್ ಇನ್ನೂ ತಿರುಗುತ್ತಿದೆ.