ಕಡೆಯ ಹಾಳೆ ಇಲ್ಲದ ಕಾದಂಬರಿ

“ಸರ್, ನಮ್ಮ ಸಾಲಿ ಲೈಬ್ರರಿ ಪುಸ್ತಕದಾಗ ಕಡೀ ಹಾಳಿ ಹರದು ಹೋಗ್ಯಾವ್ರಿ. ಕತಿಯಾಗಿನ ಹುಡುಗಿ ತಿರುಗಿ ಸಾಲಿಗೆ ಹೋಗ್ತಾಳೇನ್ರಿ?”

ಹುಕ್ಕೇರಿಯ ಹೈಸ್ಕೂಲೊಂದರಲ್ಲಿ, ಹದಿಹರೆಯದವರಿಗಾಗಿ ಬರೆದ ಎರಡು ಕಾದಂಬರಿಗಳನ್ನು ಹೋಲಿಸಿ ಮಾತಾಡಿ ಆಗಷ್ಟೇ ಕೂತಿದ್ದೆ. ಶಾಲೆ ಬಿಡಿಸಿದ ಹುಡುಗಿಯೊಬ್ಬಳ ಕತೆಯನ್ನು ‘ಕೊನೆ ಸಪ್ಪೆ’ ಎಂದು ಇನ್ನೊಂದಕ್ಕಿಂತ ಕೆಳಗಿಟ್ಟಿದ್ದೆ. ಖರೆ ಹೇಳಬೇಕೆಂದರೆ, ಅದನ್ನು ನಾನು ಅರ್ಧಕ್ಕೇ ಬಿಟ್ಟಿದ್ದೆ.

“ಒಬ್ಬೊಬ್ರು ಒಂದೊಂದು ಥರಾ ಕತಿ ಮುಗಸೇವ್ರಿ,” ಎಂದಳು ಅವಳ ಬಾಜೂದಲ್ಲಿ ಕೂತವಳು. “ಈಕಿ ಮಾತ್ರ ದಿನಾ ಆಕಿನ್ನ ಕಾಲೇಜಿಗೆ ಕಳಸ್ತಾಳ್ರಿ.” ಎಲ್ಲರೂ ನಕ್ಕರು. ಪ್ರಶ್ನೆ ಕೇಳಿದವಳು ನಕ್ಕಳೋ ಇಲ್ಲವೋ. ನೆನಪು ಅವಳ ಮುಖವನ್ನು ದಿನಕ್ಕೊಂದು ಥರ ತೋರಿಸುತ್ತಿದೆ.

“ಹತ್ತನೇ ಕ್ಲಾಸ ಮುಗದ್ರ ಸಾಲಿ ಸಾಕಂತಾಳ್ರಿ ನಮ್ಮವ್ವ,” ಎಂದಳು ಅವಳು. “ಅದಕ್ಕ ಅವ್ವಗ ಈ ಕತಿ ಹೇಳಾಕತ್ತೇನ್ರಿ. ಕಡೀಕ ಏನಾತು ಅಂತ ಕೇಳ್ತಾಳ.”

“ಹೋಗ್ತಾಳವಾ, ಕಾಲೇಜೂ ಮುಗಸ್ತಾಳ. ಪೂರ್ತಿ ಪುಸ್ತಕ ಕಳಸ್ತೇನಿ, ಅವ್ವಗ ಓದಿ ಹೇಳು,” ಅಂದುಬಿಟ್ಟೆ.

ಗೋಕಾಕಿಗೆ ಮರಳುವ ಬಸ್ಸಿನಲ್ಲಿ ಉಳಿದರ್ಧ ಓದಿದೆ. ಕೊನೆಯ ಪುಟದಲ್ಲಿ ಆ ಹುಡುಗಿ ತನ್ನ ಪಾಟೀಚೀಲವನ್ನು ತಂಗಿಯ ಹೆಗಲಿಗೆ ಹಾಕಿ, ತಾನು ಅವ್ವನ ಹಿಂದೆ ಕಬ್ಬಿನ ಹೊಲಕ್ಕೆ ನಡೆಯುತ್ತಾಳೆ. ಅದು ಸಪ್ಪೆಯಾಗಿರಲಿಲ್ಲ.

ಪುಸ್ತಕ ಕಳಿಸಿದರೆ ‘ಸಾಲಿ ಸಾಕು’ ಎನ್ನುವ ಆ ತಾಯಿಯ ಮಾತೇ ಗೆಲ್ಲುತ್ತದೆ. ಕಳಿಸದಿದ್ದರೆ ಮಗಳು ಕಾಯುತ್ತಾಳೆ. ಅದಿನ್ನೂ ನನ್ನ ಚೀಲದಲ್ಲೇ ಇದೆ.